ಮಂಗಳದ ಬೀಗರು

ಒಂದು ಗ್ರಹ ನಿರ್ಜೀವ ಎಂದು ಬರೆದುಕೊಡಲು ಐದು ಸಹಿ ಬೇಕು. ಐದರಲ್ಲೊಂದು ನನ್ನದು.

ನಮ್ಮ ಅವ್ವ ಬದುಕಿದ್ದಿದ್ದರೆ ಈ ಮಾತಿಗೆ ನಕ್ಕುಬಿಡುತ್ತಿದ್ದಳು. ವಿಜಯಪುರದಲ್ಲಿ ಹುಟ್ಟಿ, ಅದೇ ಊರಿನ ಖಾನಾವಳಿಯವನನ್ನು ಕಟ್ಟಿಕೊಂಡು, ಊರ ಕೆಳಗಿನ ಕರಿಕಲ್ಲು ಕೊರೆದು ಅದರ ಸಂದಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳನ್ನು ಹುಡುಕುತ್ತ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು, ನೀಲಮ್ಮ ಹೂಗಾರ. ನನಗೂ ಮಂಗಳ ಗ್ರಹಕ್ಕೂ ಇರುವ ಸಂಬಂಧ ಕಲ್ಲಿನದು. ನಮ್ಮ ಊರಿನ ಅಡಿ ಇರುವುದು ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಹರಿದು ಆರಿದ ಕಲ್ಲು. ಮಂಗಳದ ನೆಲವೂ ಅಂಥದ್ದೇ. ಹಾಗಾಗಿ ಮಂಗಳದ ಆಳದಿಂದ ಕೊರೆದು ತಂದ ಕಲ್ಲನ್ನು ಹಂಚಿದಾಗ ಐಸ್‌ಲ್ಯಾಂಡ್, ಜಪಾನ್, ದಕ್ಷಿಣ ಆಫ್ರಿಕ, ಚಿಲಿಗಳ ಜೊತೆಗೆ ನಮ್ಮ ಪ್ರಯೋಗಾಲಯಕ್ಕೂ ನಾಲ್ಕು ಬಟ್ಟಲಷ್ಟು ಪಾಲು ಬಂತು.

ಹಂಚಿದ್ದು ಗ್ರಹಮಂಡಳಿ. ಭೂಮಿಯವರು ಯಾವ ಗ್ರಹಕ್ಕೆ, ಯಾವ ಉಪಗ್ರಹಕ್ಕೆ ಕೈಹಾಕಬಹುದು ಎಂದು ತೀರ್ಮಾನಿಸುವ ಸಂಸ್ಥೆ ಅದು. ಅದರ ನಿಯಮ ಮೇಲ್ನೋಟಕ್ಕೆ ಬಹಳ ಸಭ್ಯವಾದದ್ದು: ಮನೆಯಲ್ಲಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡೇ ಒಳಗೆ ಕಾಲಿಡಬೇಕು. ಚಂದ್ರನಿಗೆ ನಿರ್ಜೀವ ಎಂಬ ಪ್ರಮಾಣಪತ್ರ ನಾನು ಕಾಲೇಜಿನಲ್ಲಿದ್ದಾಗಲೇ ಸಿಕ್ಕಿತ್ತು. ಆಮೇಲೆ ಶುಕ್ರನಿಗೂ ಸಿಕ್ಕಿತು. ಈಗ ಸರದಿ ಮಂಗಳದ್ದು. ಅದರ ಸುತ್ತ ಊರಗಲದ ತೆಳ್ಳನೆಯ ಕನ್ನಡಿಗಳು ಮಡಿಸಿಕೊಂಡು ಸುತ್ತುತ್ತಿವೆ. ಪ್ರಮಾಣಪತ್ರ ಕೈಗೆ ಬಂದ ವಾರದೊಳಗೆ ಅವು ಬಿಚ್ಚಿಕೊಂಡು ಸೂರ್ಯನ ಬಿಸಿಲನ್ನು ಮಂಗಳದ ಧ್ರುವಗಳ ಮೇಲೆ ಬೀಳಿಸುತ್ತವೆ. ಮಂಜು ಕರಗುತ್ತದೆ, ಗಾಳಿ ದಪ್ಪವಾಗುತ್ತದೆ, ನೆಲ ಬೆಚ್ಚಗಾಗುತ್ತದೆ. ನಮ್ಮ ಮರಿಮಕ್ಕಳು ಅಲ್ಲಿ ಅಂಗಳ ಸಾರಿಸಿ ರಂಗೋಲಿ ಹಾಕಬಹುದು ಎಂದು ಜಾಹೀರಾತುಗಳು ಹೇಳುತ್ತಿದ್ದವು.

ಕಲ್ಲಿನ ಪೆಟ್ಟಿಗೆ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದ ದಿನ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುವ ದಸ್ತಗೀರ ಮುಲ್ಲಾ ಅದನ್ನು ಎರಡೂ ಕೈಯಿಂದ ಇಳಿಸಿಕೊಂಡು ಹೇಳಿದ್ದ: "ಬೀಗರು ಬಂದ್ರು ನೋಡ್ರಿ ಅಕ್ಕಾರ. ಎಷ್ಟ್ ದೂರದಿಂದ ಬಂದಾರ ಪಾಪ."

ಅವತ್ತಿನಿಂದ ಆ ಕಲ್ಲು ನಮ್ಮೆಲ್ಲರ ಬಾಯಲ್ಲಿ ಬೀಗರಾಯಿತು. ಬೀಗರ ಕೋಣೆ, ಬೀಗರ ಬಟ್ಟಲು, ಬೀಗರ ಉಪಚಾರ.

ಉಪಚಾರವನ್ನು ಮಂಡಳಿಯೇ ಬರೆದು ಕಳಿಸಿತ್ತು. ನೆಲಮಾಳಿಗೆಯ ಉಕ್ಕಿನ ಕೋಣೆಯಲ್ಲಿ ಬಟ್ಟಲುಗಳನ್ನು ಮಂಗಳದ್ದೇ ಚಳಿಯಲ್ಲಿ ಇಟ್ಟಿರಬೇಕು. ಗೋಡೆಯ ಸುತ್ತ ತುಂಬಿದ ದ್ರವ ಸಾರಜನಕ ಆ ಚಳಿಯನ್ನು ಕಾಯುತ್ತದೆ, ಅದಕ್ಕೆ ಕರೆಂಟ್ ಬೇಡ. ಪರೀಕ್ಷೆಯ ದಿನ ಒಂದೊಂದೇ ಬಟ್ಟಲನ್ನು ಹೀಟರ್ ಮೇಲೆ ಕೂರಿಸಿ, ನಮ್ಮ ನಿಮ್ಮ ಮನೆಯಷ್ಟು ಬೆಚ್ಚಗೆ ಮಾಡಿ, ಆಮೇಲೆ ಮುಚ್ಚಳ ತೆಗೆದು ಪೋಷಕ ದ್ರಾವಣ ಸುರಿಯಬೇಕು. ಸಕ್ಕರೆ, ಲವಣ, ವಿಟಮಿನ್ ಎಲ್ಲ ಇರುವ ಆ ದ್ರಾವಣವನ್ನು ನಾವು ಸಾರು ಎನ್ನುತ್ತಿದ್ದೆವು. ಕಲ್ಲಿನಲ್ಲಿ ಜೀವ ಇದ್ದರೆ ಸಾರು ಉಂಡು ಉಸಿರಾಡುತ್ತದೆ, ಉಸಿರಾಡಿದರೆ ಗ್ಯಾಸ್ ಸೆನ್ಸರ್ ಹೇಳುತ್ತದೆ. ನೂರು ವರ್ಷಗಳ ಹಿಂದೆ ಮಂಗಳದ ಮೇಲೆ ಇಳಿದ ಯಂತ್ರಗಳೂ ಮಣ್ಣಿಗೆ ಹೀಗೇ ಏನೋ ಸುರಿದು ನೋಡಿದ್ದವು. ನಮ್ಮ ಜಾಣತನ ಅಲ್ಲಿಂದ ಇಲ್ಲಿಗೆ ಅಷ್ಟೇನೂ ಬೆಳೆದಿರಲಿಲ್ಲ.

ಮೂರು ಬಟ್ಟಲು ಮುಗಿದವು. ಒಂದೂ ಉಸಿರಾಡಲಿಲ್ಲ. ಮೊದಲ ಬಟ್ಟಲಿಗೆ ಅತ್ತೆ, ಎರಡನೆಯದಕ್ಕೆ ಸಿಟ್ಟಾದೆ, ಮೂರನೆಯದಕ್ಕೆ ಏನೂ ಅನ್ನಿಸಲಿಲ್ಲ. ಐಸ್‌ಲ್ಯಾಂಡ್, ಜಪಾನ್, ಆಫ್ರಿಕದವರು ನಾಲ್ಕೂ ಬಟ್ಟಲು ಮುಗಿಸಿ ಸಹಿ ಹಾಕಿದ್ದರು. ಚಿಲಿಯವರು ಯಾವುದೋ ಯಂತ್ರ ಕೆಟ್ಟು ಹಿಂದೆ ಬಿದ್ದಿದ್ದರು. ಉಳಿದದ್ದು ನಮ್ಮದೊಂದು ಬಟ್ಟಲು, ಅವರದೊಂದು ಬಟ್ಟಲು. ದಸರೆಯ ಹೊತ್ತಿಗೆ ಅವನ್ನೂ ಮುಗಿಸಿ, ವಿಜಯದಶಮಿಯ ಮಧ್ಯಾಹ್ನ ಮಂಡಳಿಯ ಸಭೆಯಲ್ಲಿ ಸಹಿ ಹಾಕುವುದೆಂದು ಗೊತ್ತಾಗಿತ್ತು. ಜಗತ್ತಿಗೆ ನಮ್ಮ ಹಬ್ಬ ಗೊತ್ತಿಲ್ಲ.

ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ಸಂಜೆ ನಾನು ನಾಲ್ಕನೆಯ ಬಟ್ಟಲನ್ನು ಹೀಟರ್ ಮೇಲೆ ಕೂರಿಸಿ, ಹೀಟರಿಗೂ ಮುಚ್ಚಳಕ್ಕೂ ಗಡಿಯಾರ ಹೊಂದಿಸಿದೆ. ಬೆಳಿಗ್ಗೆ ಹೀಟರ್ ತಾನಾಗಿ ಹೊತ್ತಿಕೊಳ್ಳುತ್ತದೆ, ಬಟ್ಟಲು ಬೆಚ್ಚಗಾದ ಮೇಲೆ ಮುಚ್ಚಳ ತಾನಾಗಿ ತೆರೆಯುತ್ತದೆ, ಮರುದಿನ ನಾನು ಬಂದು ಸಾರು ಸುರಿಯುತ್ತೇನೆ. ಇಷ್ಟು ಮಾಡಿ ಮನೆಗೆ ಹೋದೆ.

ಖಂಡೆ ಪೂಜೆಯ ದಿನ ಖಾನಾವಳಿಗೆ ರಜೆ. ಈಳಿಗೆ, ಒನಕೆ, ಹಿಟ್ಟಿನ ಮಿಷಿನ್ನು, ರೊಟ್ಟಿಯ ಹೆಂಚು ಎಲ್ಲಕ್ಕೂ ವಿಭೂತಿ ಬಳಿದು ಚೆಂಡುಹೂ ಏರಿಸಿ ಸಾಲಾಗಿ ಇಟ್ಟಿತ್ತು. ಮನೆಯ ಒಲೆಗೆ ಮತ್ತು ನನ್ನ ಗಂಡ ಈರಣ್ಣನಿಗೆ ಮಾತ್ರ ರಜೆ ಇಲ್ಲ. ಆತ ನಸುಕಿನಲ್ಲೇ ಹೂರಣ ರುಬ್ಬಿಟ್ಟು ಹೋಳಿಗೆಗೆ ಕೂತಿದ್ದ, ಏಕೆಂದರೆ ಊಟಕ್ಕೆ ನಮ್ಮ ನಿರ್ದೇಶಕರು ಬರುವವರಿದ್ದರು.

ನಿರ್ದೇಶಕ ತಿರುನಾರಾಯಣ ಅವರು ಮೈಸೂರಿನವರು. ಮೆತ್ತಗಿನ ಮಾತು, ಮಡಿಕೆ ಕೆಡದ ಅಂಗಿ, ಯಾರ ಜೊತೆಗೂ ಜಗಳ ಬೇಡ ಎನ್ನುವ ಸ್ವಭಾವ. ಮಂಡಳಿಯ ಕೆಲಸ ಮುಗಿಯುವವರೆಗೆ ಊರಿಗೆ ಹೋಗುವಂತಿಲ್ಲ ಎಂದು ಹಬ್ಬಕ್ಕೆ ಒಬ್ಬರೇ ಕ್ವಾರ್ಟರ್ಸಿನಲ್ಲಿ ಉಳಿದಿದ್ದರು. ಬೆಳಿಗ್ಗೆ ಪ್ರಯೋಗಾಲಯದ ಪೂಜೆಗೆ ಹೋಗಿ ಕಾಯಿ ಒಡೆದು, ಹಣೆಗೆ ಕುಂಕುಮ ಇಟ್ಟುಕೊಂಡೇ ನಮ್ಮ ಮನೆಗೆ ಬಂದರು.

"ದಸ್ತಗೀರ್ ಎಷ್ಟು ಚೆನ್ನಾಗಿ ಅಲಂಕಾರ ಮಾಡಿದ್ದಾರೆ ಗೊತ್ತಾ! ಬಾಳೆಕಂಬ ಬೇರೆ ಕಟ್ಟಿಸಿದ್ದಾರೆ" ಎಂದು ಎಲೆಯ ಮುಂದೆ ಕೂತರು.

ಈರಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಆತ ಒಳ್ಳೆಯ ಮನುಷ್ಯ. ಆದರೆ ಅವನ ಎದುರು ಎಲೆ ಹಾಸಿಕೊಂಡು ಕೂತವರ ಮಾತು ಅವನ ಕಿವಿಗೆ ಬೀಳುವುದಿಲ್ಲ. ಸಾಕು ಎಂದರೆ ಅವನಿಗೆ ಸಂಕೋಚ ಎಂದು ಕೇಳಿಸುತ್ತದೆ, ಬೇಡ ಎಂದರೆ ಇನ್ನೊಂದು ಎಂದು ಕೇಳಿಸುತ್ತದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳುಗಳ ಸಂದಿಯಿಂದ ತುಪ್ಪ ಬಿಡುತ್ತಾನೆ.

"ಅಯ್ಯೋ ಸಾಕು ಸ್ವಾಮಿ, ಆಗೋದಿಲ್ಲ" ಎಂದರು ತಿರುನಾರಾಯಣರು, ಮೂರನೆಯ ಹೋಳಿಗೆಗೆ.

"ಏ ಹಂಗಂದ್ರ ಹೆಂಗ್ರಿ ಸಾಹೇಬ್ರ! ಇದು ಏನ್ ಊಟ? ಗುಬ್ಬಿ ಉಂಡಂಗ ಉಂಡೀರಿ. ಇದೊಂದು ನಮ್ಮ ನೀಲಾನ ಹೆಸರ ಮ್ಯಾಲ ಹಾಕ್ಕೋರಿ."

ನನ್ನ ಹೆಸರಿನ ಮೇಲೊಂದು, ಮಂಗಳನ ಹೆಸರಿನ ಮೇಲೊಂದು, ಹಬ್ಬದ ಹೆಸರಿನ ಮೇಲೊಂದು. ಪಾಪ, ಆ ಮೈಸೂರಿನ ಹೊಟ್ಟೆ. ಎದ್ದು ಕೈ ತೊಳೆಯುವಾಗ ಗೋಡೆ ಹಿಡಿದುಕೊಂಡಿದ್ದರು. ನಾನು ನಕ್ಕೆ, ಈರಣ್ಣ ತೃಪ್ತಿಯಿಂದ ಹೆಗಲ ಮೇಲಿನ ಟವೆಲ್ಲು ಕೊಡವಿದ.

ಮರುದಿನ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋದಾಗ ನೆಲಮಾಳಿಗೆಯಲ್ಲಿ ಚೆಂಡುಹೂ ಮತ್ತು ಊದುಬತ್ತಿಯ ವಾಸನೆ ಇತ್ತು. ನಿಯಂತ್ರಣದ ಮೇಜಿನ ಮೇಲೆ ವಿಭೂತಿ ಪಟ್ಟೆ, ಕುಂಕುಮ, ನಿಂಬೆಹಣ್ಣು. ಸ್ಕ್ರೂಡ್ರೈವರ್, ಸ್ಪ್ಯಾನರ್, ಇಕ್ಕಳಗಳನ್ನು ತೊಳೆದು ಒಂದು ಮಣೆಯ ಮೇಲೆ ಜೋಡಿಸಿ ಅವಕ್ಕೂ ಕುಂಕುಮ ಹಚ್ಚಿತ್ತು. ಎಲ್ಲ ಚೆಂದ ಇತ್ತು. ಆಮೇಲೆ ಗಮನಿಸಿದೆ, ಹೀಟರಿನ ದೀಪ ಹೊತ್ತಿರಲಿಲ್ಲ. ಪಂಪಿನದೂ ಇಲ್ಲ. ಮುಖ್ಯ ಸ್ವಿಚ್ಚಿಗೆ ಅರಿಶಿನದ ದಾರ ಸುತ್ತಿ ಕೆಳಗೆ ಮಾಡಿತ್ತು.

"ದಸ್ತಗೀರಣ್ಣಾ!" ನನ್ನ ಕೂಗಿಗೆ ಕಾವಲುಗಾರನೂ ಓಡಿ ಬಂದ.

ದಸ್ತಗೀರ ಗಾಬರಿಯಿಂದ ಬಂದು ನಿಂತ. ಅವನ ಕೈಯಲ್ಲಿ ಬನ್ನಿ ಎಲೆಗಳ ಕಟ್ಟು ಇತ್ತು.

"ಯಂತ್ರ ಬಂದ್ ಮಾಡಿದವ್ರು ಯಾರು?"

"ನಾನಾ ರೀ ಅಕ್ಕಾರ. ನಿನ್ನಿ ಖಂಡೆ ಪೂಜಿ ಅಲ್ರೀ? ಪೂಜಿ ಮಾಡಿದ ಯಂತ್ರ ಬನ್ನಿ ಮುಡಿಯೂತನಕ ನಡಸಂಗಿಲ್ಲ. ಪ್ರತಿ ವರ್ಷ ಹಂಗ ಮಾಡ್ತೀವಲ್ರೀ."

"ಪ್ರತಿ ವರ್ಷ ಒಳಗ ಮಂಗಳದ ಕಲ್ಲು ಇರ್ತಿತ್ತೇನು? ತಲಿ ಐತೋ ಇಲ್ಲೋ ನಿಮಗ? ಇಡೀ ಜಗತ್ತಿಗೆ ಏನ್ ಉತ್ತರ ಕೊಡ್ಲಿ ನಾನು, ನಮ್ಮ ಹೀಟರ್ ಹಬ್ಬ ಮಾಡಾಕ ಹೋಗಿತ್ತು ಅಂತ ಹೇಳ್ಲಿ?"

ಅವನ ಮುಖ ಸಣ್ಣದಾಯಿತು. "ನಮ್ಮಪ್ಪ ತಾಳಿಕೋಟ್ಯಾಗ ಹಿಟ್ಟಿನ ಗಿರಣಿ ನಡಸ್ತಿದ್ರಿ. ಖಂಡೆ ಪೂಜಿ ದಿನ ಪಟ್ಟಾನೇ ತಗದು ಇಡ್ತಿದ್ದ. ದುಡಿದ ಯಂತ್ರಕ್ಕ ವರ್ಷಕ್ಕೊಂದ್ ದಿನ ಆರಾಮ ಬೇಕು ಅಂತಿದ್ದ. ನಾ ಮುಂದಿಂದು ವಿಚಾರ ಮಾಡ್ಲಿಲ್ಲ. ತಪ್ಪಾತ್ರಿ."

ಬೈದದ್ದಕ್ಕೆ ನನಗೇ ಕೆಟ್ಟದೆನಿಸಿತು. ಆದರೂ ಸಿಟ್ಟು ಇಳಿದಿರಲಿಲ್ಲ. "ಎಲ್ಲಾ ಬಂದ್ ಮಾಡೀರೋ?"

"ಇಲ್ಲಿಲ್ರೀ. ಗ್ಯಾಸ್ ಸೆನ್ಸರ್ ಮುಟ್ಟಿಲ್ಲ. ಸೋರಿಕಿ ಅಲಾರಾಂ ಅದಕ್ಕ ಜೋಡ್ಸೀವಿ, ಅದು ಬ್ಯಾಟರಿ ಮ್ಯಾಲ ಇರ್ತೈತಿ. ಬಟ್ಟಲದ ಮುಚ್ಚಳಾನೂ ಅದೇ ಬ್ಯಾಟರಿ ಮ್ಯಾಲ."

ಅಂದರೆ ಹೀಟರ್ ಹೊತ್ತಿಕೊಂಡಿಲ್ಲ, ಮುಚ್ಚಳ ಮಾತ್ರ ನಾನು ಹೊಂದಿಸಿದ ಹೊತ್ತಿಗೆ ತೆರೆದುಕೊಂಡಿದೆ. ಬಟ್ಟಲು ಮಂಗಳದ ಚಳಿಯಲ್ಲೇ ಇಡೀ ದಿನ ಬಾಯಿ ತೆರೆದು ಕೂತಿದೆ. ನಿಯಮದ ಪ್ರಕಾರ ಚಳಿಯಲ್ಲಿ ಮುಚ್ಚಳ ತೆರೆಯಬಾರದು, ಸೆನ್ಸರಿಗೆ ಹಿಮ ಕಟ್ಟುತ್ತದೆ ಎಂಬ ಕಾರಣಕ್ಕೆ. ಹೀಗಾಗಿ ಐದೂ ದೇಶಗಳಲ್ಲಿ ಒಬ್ಬರೂ ಯಾವ ಬಟ್ಟಲಿಗೂ ಬೆಚ್ಚಗೆ ಮಾಡುವ ಮುಂಚೆ ಕಿವಿಗೊಟ್ಟಿರಲಿಲ್ಲ.

ಹಿಮ ಎಷ್ಟು ಕಟ್ಟಿದೆ ನೋಡೋಣವೆಂದು ಸೆನ್ಸರಿನ ಪರದೆ ತೆರೆದೆ. ಹಿಮ ಕಟ್ಟಿರಲಿಲ್ಲ. ಪರದೆಯ ಮೇಲೆ ಎರಡು ಗೆರೆಗಳಿದ್ದವು. ಹೈಡ್ರೋಜನ್ ಗೆರೆ ನಿಧಾನವಾಗಿ ಇಳಿಯುತ್ತಿತ್ತು, ಮೀಥೇನ್ ಗೆರೆ ನಿಧಾನವಾಗಿ ಏರುತ್ತಿತ್ತು.

ನಾನು ಕುರ್ಚಿಯ ಮೇಲೆ ಕೂತೆ. ಈ ಗೆರೆಗಳನ್ನು ನಾನು ಕನಸಿನಲ್ಲೂ ಗುರುತಿಸಬಲ್ಲೆ. ನಮ್ಮೂರ ಕರಿಕಲ್ಲಿನೊಳಗೆ ಕಬ್ಬಿಣದ ಅಂಶ ನೀರಿನೊಂದಿಗೆ ಸೇರಿ ಹೈಡ್ರೋಜನ್ ಹುಟ್ಟುತ್ತದೆ. ಬೆಳಕು ಕಾಣದ ಜೀವಿಗಳು ಅದನ್ನೇ ತಿಂದು ಮೀಥೇನ್ ಬಿಡುತ್ತವೆ. ಅವಕ್ಕೆ ಸಕ್ಕರೆ ಬೇಡ, ಬಿಸಿಲು ಬೇಡ, ಯಾರ ಉಪಕಾರವೂ ಬೇಡ. ಅದೇ ಗೆರೆಗಳು ಇಲ್ಲಿ ಇನ್ನೂ ಸಾವಕಾಶವಾಗಿ, ಅವಸರವೇ ಗೊತ್ತಿಲ್ಲದವರ ಹಾಗೆ ಸಾಗಿದ್ದವು.

"ಏನಾತ್ರೀ ಅಕ್ಕಾರ? ಕೆಟ್ಟೈತೇನ್ರಿ?" ಎಂದ ದಸ್ತಗೀರ.

"ಇಲ್ಲಣ್ಣ" ಎಂದೆ. "ಬೀಗರು ಉಸಿರಾಡ್ಲಿಕತ್ತಾರ."

ಆಮೇಲೆ ಇನ್ನೊಂದು ವಿಚಾರ ಬಂತು, ಸಂತೋಷವೆಲ್ಲ ಇಳಿದುಹೋಯಿತು. ಕಲ್ಲಿನ ಸಂದಿಯ ಗಟ್ಟಿ ಉಪ್ಪುನೀರಿನಲ್ಲಿ, ಕೊರೆಯುವ ಚಳಿಯಲ್ಲಿ ಯುಗಯುಗಗಳಿಂದ ಬಾಳಿದವರನ್ನು ನಾವು ಹೀಟರ್ ಮೇಲೆ ಕೂರಿಸಿದ್ದೆವು. ಆ ಶಾಖಕ್ಕೇ ಅರ್ಧ ಜೀವ ಹೋಗಿರಬೇಕು. ಆಮೇಲೆ ಸುರಿದ, ಅವರ ಲೆಕ್ಕಕ್ಕೆ ಸಪ್ಪೆಯಾದ ಸಾರಿನ ನೀರು ಉಪ್ಪು ತುಂಬಿದ ಆ ಮೈಗಳೊಳಗೆ ನುಗ್ಗಿ ಒಡೆದುಹಾಕಿರಬೇಕು. ಮೂರು ಬಟ್ಟಲು ನಾನು ಕೊಂದಿದ್ದೆ. ಅದೂ ಪ್ರೀತಿಯಿಂದ, ಉಣ್ಣಿ ಉಣ್ಣಿ ಎಂದು. ಪಾಪಪ್ರಜ್ಞೆಯ ಜೊತೆ ನಾಚಿಕೆಯೂ ಆಯಿತು. ಕನ್ನಡಿಗಳು ಬಿಚ್ಚಿಕೊಂಡ ದಿನ ಇದೇ ಉಪಚಾರ ಇಡೀ ಗ್ರಹಕ್ಕೆ ನಡೆಯುತ್ತದೆ.

ತಿರುನಾರಾಯಣರು ಹೊಟ್ಟೆ ಹಿಡಿದುಕೊಂಡೇ ಬಂದರು. ಬೆಳಗಿನಿಂದ ಬರೀ ಮಜ್ಜಿಗೆ ಕುಡಿದಿದ್ದರಂತೆ. ಗೆರೆಗಳನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ವಿಜ್ಞಾನಿಯೇ ಆದ್ದರಿಂದ ಅರೆಗಳಿಗೆ ಅವರ ಕಣ್ಣು ಅರಳಿದ್ದನ್ನು ನಾನು ಕಂಡೆ. ಆಮೇಲೆ ಅಧಿಕಾರಿ ಎಚ್ಚರಗೊಂಡ.

"ನೋಡಿ ನೀಲಮ್ಮನವರೆ, ಕಲ್ಲಿನ ರಸಾಯನದಿಂದಲೂ ಮೀಥೇನ್ ಬರಬಹುದಲ್ವೆ? ಜೀವವೇ ಬೇಕು ಅಂತೇನಿಲ್ಲ."

"ಬರಬಹುದು ಸರ್. ಆದರೆ ಬರೀ ರಸಾಯನ ಆಗಿದ್ದರೆ ಬಿಸಿ ಮಾಡಿದಾಗ ಇನ್ನೂ ಜೋರಾಗಬೇಕಿತ್ತು. ಮೂರು ಬಟ್ಟಲು ಬಿಸಿ ಮಾಡಿದ್ದೇವೆ, ಮೂರೂ ಸುಮ್ಮನಾಗಿವೆ. ಚಳಿಯಲ್ಲಿ ಉಸಿರಾಡಿ ಬಿಸಿಗೆ ಸುಮ್ಮನಾಗುವುದು ಕಲ್ಲಿನ ಗುಣ ಅಲ್ಲ."

ಅವರು ಸ್ವಿಚ್ಚಿಗೆ ಸುತ್ತಿದ ದಾರ ನೋಡುತ್ತಿದ್ದರು. "ಯಂತ್ರ ಯಾಕೆ ನಿಂತಿತ್ತು ಅಂತ ಕೇಳ್ತಾರೆ. ಕರೆಂಟ್ ಹೋಗಿತ್ತು ಅಂದ್ಬಿಡೋಣ. ಪೂಜೆಗೆ ಆರಿಸಿದ್ವಿ ಅಂದ್ರೆ ನಗ್ತಾರೆ ರೀ, ನಮ್ಮನ್ನ ಪಟ್ಟಿಯಿಂದಲೇ ತೆಗೀತಾರೆ."

"ಕಾಯಿ ಒಡೆದವರೇ ನೀವು ಸರ್."

"ನಾನು ಕಾಯಿ ಒಡೆದೆ, ಸ್ವಿಚ್ ಆರಿಸಲಿಲ್ಲ!"

"ಸುಳ್ಳು ಹೇಳಿದರೆ ಗೆರೆಯೂ ಸುಳ್ಳಾಗುತ್ತದೆ. ನಗುವವರು ನಗಲಿ" ಎಂದೆ.

ಮಧ್ಯಾಹ್ನ ಸಭೆ ಸೇರಿತು. ಗೋಡೆಯ ಪರದೆಯ ಮೇಲೆ ನಾಲ್ಕು ಪ್ರಯೋಗಾಲಯಗಳ ಮುಖ್ಯಸ್ಥರು, ನಡುವೆ ಮಂಡಳಿಯ ಅಧ್ಯಕ್ಷೆ. ಅವರವರ ಭಾಷೆ ನಮಗೆ ಅನುವಾದ ಯಂತ್ರದ ಮೂಲಕ ಕನ್ನಡದಲ್ಲಿ ಬರುತ್ತಿತ್ತು, ಹಳೆಯ ಕಾಲದ ವಾರ್ತೆ ಓದುವವರ ಕನ್ನಡ. ಯಾರು ಬೈದರೂ ಸನ್ಮಾನ ಮಾಡಿದ ಹಾಗೆ ಕೇಳಿಸುತ್ತದೆ.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹಬ್ಬ, ಪೂಜೆ, ಸ್ವಿಚ್ಚು, ಮುಚ್ಚಳ, ಗೆರೆ. ಜಪಾನಿನವರು ತಲೆ ತಗ್ಗಿಸಿಕೊಂಡರು. ಆಫ್ರಿಕದವರು ಬಾಯಿಗೆ ಕೈ ಅಡ್ಡ ಹಿಡಿದರು, ನಗುವಿಗೋ ಗಾಬರಿಗೋ ತಿಳಿಯಲಿಲ್ಲ. ಐಸ್‌ಲ್ಯಾಂಡಿನವರು ಗಂಭೀರವಾಗಿ ಕೇಳಿದರು: "ಯಂತ್ರಗಳಿಗೆ ವಿಶ್ರಾಂತಿ ನೀಡಲಾಯಿತು ಎಂದು ತಾವು ಹೇಳುತ್ತಿರುವಿರಾ?"

"ಹೌದು. ಅದೊಂದು ದಿನ ನಾವು ಬೀಗರಿಗೆ ಏನೂ ಉಪಚಾರ ಮಾಡಲಿಲ್ಲ. ಅದೊಂದು ದಿನ ಅವರು ಬದುಕಿದರು" ಎಂದೆ.

ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ತಮ್ಮ ದತ್ತಾಂಶವು ನಿಯಮಬಾಹಿರ ಸ್ಥಿತಿಯಲ್ಲಿ ದೊರೆತಿದೆ. ಆದ್ದರಿಂದ ಪರಿಗಣಿಸಲಾಗದು. ಆದಾಗ್ಯೂ ಮಂಡಳಿಯು ಉದಾರವಾಗಿ ಒಂದು ಅವಕಾಶ ನೀಡುತ್ತದೆ. ಈ ಕೂಡಲೇ ನಾಲ್ಕನೆಯ ಬಟ್ಟಲನ್ನು ನಿಯಮದಂತೆ ಬೆಚ್ಚಗೆ ಮಾಡಿ, ಪೋಷಕ ದ್ರಾವಣ ನೀಡಿ. ಅನಿಲ ಕಾಣಿಸಿದರೆ ತಮ್ಮ ವಾದವನ್ನು ಆಲಿಸಲಾಗುವುದು. ನಿರಾಕರಿಸಿದರೆ ತಮ್ಮನ್ನು ಕೈಬಿಟ್ಟು ನಾಲ್ಕು ಸಹಿಗಳ ಮೇಲೆ ಪ್ರಮಾಣಪತ್ರ ನೀಡಲಾಗುವುದು."

ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾರೆ ಎಂದು ಸಾಬೀತು ಮಾಡಲು ಇವರನ್ನೂ ಕೊಂದು ತೋರಿಸು ಎನ್ನುತ್ತಿದ್ದರು, ಅದಕ್ಕೆ ಉದಾರತೆ ಎಂದು ಹೆಸರು ಬೇರೆ.

ತಿರುನಾರಾಯಣರು ಮೈಕ್ ಮುಚ್ಚಿ ನನ್ನತ್ತ ಬಾಗಿದರು. "ದಯವಿಟ್ಟು ಹಟ ಮಾಡಬೇಡಿ. ಎಲ್ಲರ ಕೆಲಸ ಹೋಗುತ್ತೆ." ಆಮೇಲೆ ದಸ್ತಗೀರನಿಗೆ ಹೇಳಿದರು: "ಸ್ವಿಚ್ ಹಾಕಿ."

ದಸ್ತಗೀರ ಕದಲಲಿಲ್ಲ. "ಬನ್ನಿ ಕೊಟ್ಟಿಲ್ರಿ ಸರ್. ಬನ್ನಿ ಕೊಡೂತನಕ ಯಂತ್ರ ಮುಟ್ಟಂಗಿಲ್ಲ."

"ಹಾಗಾದ್ರೆ ಕೊಡ್ರೀ ಮತ್ತೆ!"

ದಸ್ತಗೀರ ನನ್ನ ಮುಖ ನೋಡಿದ. ಎಷ್ಟು ಹೊತ್ತು ಎಲೆಗಳ ಕಟ್ಟು ಹಿಡಿದು ನಿಲ್ಲಲು ಸಾಧ್ಯ? ಹಬ್ಬದ ದಿನ ಕೈ ಚಾಚಿ ನಿಂತವರಿಗೆ ಬನ್ನಿ ಕೊಡುವುದಿಲ್ಲ ಎನ್ನುವುದು ಅವನಿಂದ ಆಗದ ಮಾತು. ಎರಡು ಎಲೆ ಕಿತ್ತು ನಿರ್ದೇಶಕರ ಕೈಗಿಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸರ್." ನನಗೂ ಕೊಟ್ಟ. ಆಮೇಲೆ ಉಕ್ಕಿನ ಕೋಣೆಯ ದಪ್ಪ ಗಾಜಿನ ಮುಂದೆ ಹೋಗಿ, ಒಳಗಿನವರಿಗೂ ಎರಡು ಎಲೆ ಗಾಜಿನ ಅಂಚಿಗೆ ಸಿಕ್ಕಿಸಿದ. "ನೀವೂ ಹಂಗ ಇರ್ರೆಪ್ಪ" ಎಂದ.

ಪರದೆಯ ಮೇಲಿದ್ದವರು ಇದನ್ನೆಲ್ಲ ನೋಡುತ್ತಿದ್ದರು.

"ಈಗ ಮುಗೀತಲ್ಲ. ಹಾಕಿ" ಎಂದರು ತಿರುನಾರಾಯಣರು.

ಮುಗಿದಿತ್ತು. ಹಬ್ಬದ ಮರೆ ಇನ್ನಿರಲಿಲ್ಲ. ದಸ್ತಗೀರನ ಹಿಂದೆ ಅಡಗಿ ನಿಲ್ಲಲು ನನಗೂ ಮನಸ್ಸಿರಲಿಲ್ಲ. ಎದ್ದು ಮಣೆಯ ಮೇಲೆ ಪೂಜೆಗೆ ಇಟ್ಟಿದ್ದ ಇಕ್ಕಳ ತೆಗೆದುಕೊಂಡೆ. ಅದರ ಕುಂಕುಮ ಅಂಗೈಗೆ ಹತ್ತಿತು. ವಿಜಯದಶಮಿಯ ದಿನ ಹೊಸ ಕೆಲಸ ಶುರು ಮಾಡುವುದು ನಮ್ಮಲ್ಲಿ ಶುಭ.

"ಅಧ್ಯಕ್ಷರೇ, ನಿನ್ನೆ ಈ ಹೀಟರನ್ನು ಪದ್ಧತಿ ಎಂದು ಆರಿಸಿದ್ದೆವು. ಏನು ಮಾಡುತ್ತಿದ್ದೇವೆಂದು ನಮಗೆ ಗೊತ್ತಿರಲಿಲ್ಲ, ಅದಕ್ಕೆ ನೀವು ನಗಬಹುದು. ಇವತ್ತು ಗೊತ್ತಿದ್ದು ಆರಿಸುತ್ತಿದ್ದೇನೆ. ಇದನ್ನು ನನ್ನ ಹೆಸರಿನಲ್ಲಿ ಬರೆದುಕೊಳ್ಳಿ. ನೀಲಮ್ಮ ಹೂಗಾರ, ವಿಜಯಪುರ" ಎಂದೆ.

ಹೀಟರಿನ ತಂತಿಯನ್ನು ಇಕ್ಕಳದಿಂದ ಕಚಕ್ಕನೆ ಕತ್ತರಿಸಿದೆ. ದಪ್ಪ ತಂತಿ, ಎರಡು ಸಲ ಒತ್ತಬೇಕಾಯಿತು.

ತಿರುನಾರಾಯಣರು ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷೆ ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ.

"ಇನ್ನೊಂದು ಮಾತು. ನಿನ್ನೆ ನಮ್ಮ ನಿರ್ದೇಶಕರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಸಾಕು ಸಾಕು ಅಂದರು, ನಮ್ಮವರು ಕೇಳಲಿಲ್ಲ. ಇವತ್ತು ಅವರ ಸ್ಥಿತಿ ನೀವೇ ನೋಡಿ. ಅವರಿಗಾದರೂ ಸಾಕು ಅನ್ನಲು ಬಾಯಿ ಇತ್ತು. ನಮ್ಮಲ್ಲಿಗೆ ಬಂದ ಬೀಗರಿಗೆ ಬಾಯಿಲ್ಲ. ಇಪ್ಪತ್ತು ಬಟ್ಟಲಲ್ಲಿ ಹದಿನೆಂಟನ್ನು ನಾವೆಲ್ಲ ಸೇರಿ ಉಣಿಸಿ ಕೊಂದಿದ್ದೇವೆ, ನಾನೂ ಸೇರಿ. ಉಳಿದದ್ದು ಎರಡು. ಒಂದು ಇಲ್ಲಿದೆ, ಇದನ್ನು ನಾನು ಕೊಡುವುದಿಲ್ಲ. ಇನ್ನೊಂದು ಚಿಲಿಯಲ್ಲಿದೆ."

ಐಸ್‌ಲ್ಯಾಂಡಿನವರ ಮುಖ ಬಿಳುಚಿತು. ಅವರೂ ನಾಲ್ಕೂ ಬಟ್ಟಲಿಗೆ ಸಾರು ಸುರಿದವರೇ.

ಆಗ ಚಿಲಿಯ ಪ್ರಯೋಗಾಲಯದ ಮುಖ್ಯಸ್ಥೆಯ ದನಿ ಬಂತು. ರೊಸಾರಿಯೊ ಎಂದು ಅವಳ ಹೆಸರು, ನನ್ನದೇ ವಯಸ್ಸು, ಮರುಭೂಮಿಯ ಬಿಸಿಲಿಗೆ ಸುಕ್ಕಾದ ಮುಖ. ಇಷ್ಟು ದಿನದ ಸಭೆಗಳಲ್ಲಿ ಆಕೆ ಹೆಚ್ಚು ಮಾತಾಡಿದ್ದು ನನಗೆ ನೆನಪಿಲ್ಲ.

"ಮುಚ್ಚಳ ತೆರೆದಾಗ ಹಿಮ ಕಟ್ಟಲಿಲ್ಲವೆ?"

"ಕಟ್ಟಲಿಲ್ಲ. ಒಳಗಿನ ಗಾಳಿ ಅಷ್ಟು ಒಣಗಿದೆ."

ಅನುವಾದ ಮುಗಿಯುವ ಮುಂಚೆಯೇ ಆಕೆ ಎದ್ದು ಪರದೆಯಿಂದ ಮರೆಯಾದಳು. ಕುರ್ಚಿ ಖಾಲಿ ಕಾಣುತ್ತಿತ್ತು. ಅಧ್ಯಕ್ಷೆ ಅವಳನ್ನು ಎರಡು ಸಲ ಕರೆದರು. ತಿರುಗಿ ಬಂದವಳು ಕೈ ಒರೆಸಿಕೊಳ್ಳುತ್ತ ಕೂತಳು. "ಈಗಷ್ಟೇ ಹೊತ್ತಿಕೊಂಡಿದ್ದ ನಮ್ಮ ಹೀಟರ್ ಆರಿಸಿದ್ದೇನೆ. ಮುಚ್ಚಳ ತೆರೆದಿದ್ದೇನೆ. ಆ ಬಟ್ಟಲು ಏನು ಹೇಳುತ್ತದೋ ಕೇಳುವವರೆಗೆ ನಾನು ಸಹಿ ಹಾಕುವುದಿಲ್ಲ."

ಅವಳು ಸಹಿ ಹಾಕದಿದ್ದರೆ ನಾಲ್ಕು ಆಗುವುದಿಲ್ಲ. ಅಧ್ಯಕ್ಷೆ ಸಂಜೆಯವರೆಗೆ ಸಭೆ ನಿಲ್ಲಿಸಿದರು.

ಸಂಜೆಯವರೆಗೆ ನಾವು ಮೂವರು ಆ ನೆಲಮಾಳಿಗೆ ಬಿಟ್ಟು ಕದಲಲಿಲ್ಲ. ದಸ್ತಗೀರ ಚಹಾ ತಂದ. ತಿರುನಾರಾಯಣರು ಬೇಡ ಎಂದರು, ದಸ್ತಗೀರ ಸುಮ್ಮನೆ ಲೋಟ ಹಿಂದಕ್ಕೆ ಒಯ್ದ. ನನಗೆ ಭಯವಿತ್ತು, ಇಲ್ಲವೆಂದು ಯಾಕೆ ಹೇಳಲಿ? ಚಿಲಿಯ ಬಟ್ಟಲು ಖಾಲಿ ಕಲ್ಲಾಗಿದ್ದರೆ ಹಬ್ಬಕ್ಕೆ ಯಂತ್ರ ನಿಲ್ಲಿಸಿದ ಹುಚ್ಚಿ ಎಂದು ಜಗತ್ತು ನನ್ನನ್ನು ನೆನಪಿಡುತ್ತಿತ್ತು, ಅಥವಾ ಮರೆಯುತ್ತಿತ್ತು. ಮೇಲೆ ರಸ್ತೆಯಲ್ಲಿ ಜನ ಬನ್ನಿ ಹಂಚುತ್ತ ಓಡಾಡುವ ಸದ್ದು ಕೇಳುತ್ತಿತ್ತು.

ರೊಸಾರಿಯೊ ಒಂದು ಮಾತೂ ಬರೆಯದೆ ಬರೀ ಚಿತ್ರ ಕಳಿಸಿದಳು. ಎರಡು ಗೆರೆಗಳು. ಒಂದು ಇಳಿಯುತ್ತಿತ್ತು, ಒಂದು ಏರುತ್ತಿತ್ತು. ನಮ್ಮದಕ್ಕಿಂತ ಮಂದ, ಆದರೆ ಅವೇ ಗೆರೆಗಳು.

ದಸ್ತಗೀರ ಗಾಜಿಗೆ ಕೈ ಮುಗಿದ. ನಾನು ಅತ್ತೆ, ಚೆನ್ನಾಗಿಯೇ ಅತ್ತೆ. ತಿರುನಾರಾಯಣರು ಬಹಳ ಹೊತ್ತು ಆ ಚಿತ್ರ ನೋಡಿ, ಬನ್ನಿ ಎಲೆಗಳನ್ನು ಅಂಗಿಯ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡರು. "ಕಾಯಿ ಒಡೆದದ್ದು ನಾನು ಅಂತ ವರದಿಯಲ್ಲಿ ಬರೀರಿ" ಎಂದರು.

ಪ್ರಮಾಣಪತ್ರವನ್ನು ತಡೆಹಿಡಿಯಲಾಗಿದೆ ಎಂದು ಆ ವಾರ್ತೆಯ ಕನ್ನಡ ಘೋಷಿಸಿತು. ಮಂಗಳದ ಸುತ್ತ ಕನ್ನಡಿಗಳು ಮಡಿಸಿಕೊಂಡೇ ಸುತ್ತುತ್ತಿವೆ. ಅಷ್ಟೇ ಅಲ್ಲ, ಗುರು ಶನಿಗಳ ಹಿಮದ ಉಪಗ್ರಹಗಳ ಮೇಲೆ ಬಿಸಿ ಸಲಾಕೆ ಇಳಿಸುವ ಯೋಜನೆಯೂ ನಿಂತಿದೆ. ಅವುಗಳ ಮಂಜಿನಡಿಯ ಕಡಲಿನಲ್ಲಿ ಯಾರಿದ್ದಾರೋ, ಮೊದಲು ತಣ್ಣಗೆ ಕಿವಿಗೊಡೋಣ ಎಂದು ರೊಸಾರಿಯೊ ಪಟ್ಟು ಹಿಡಿದಿದ್ದಾಳೆ.

ನನ್ನನ್ನು ಅಮಾನತು ಮಾಡಿದ್ದಾರೆ. ಮಂಡಳಿಯ ಆಸ್ತಿಯಾದ ತಂತಿ ಕತ್ತರಿಸಿದ್ದಕ್ಕೆ, ಆದೇಶ ಮೀರಿದ್ದಕ್ಕೆ. ಕ್ಷಮೆ ಕೇಳಿದರೆ ಮುಗಿಯುತ್ತದೆ ಎಂದು ಯಾರೋ ಸೂಚಿಸಿದರು. ಯಾರನ್ನು ಕೇಳಲಿ? ಕ್ಷಮೆ ಕೇಳಬೇಕಾದವರು ಮೂರು ಬಟ್ಟಲಲ್ಲಿ ಸತ್ತುಹೋಗಿದ್ದಾರೆ.

ಅವತ್ತು ಮನೆಗೆ ಬಂದು ಎಲ್ಲವನ್ನೂ ಈರಣ್ಣನಿಗೆ ಹೇಳಿದಾಗ ಆತ ಹೋಳಿಗೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತು ಕೇಳಿದ. ಆಮೇಲೆ ನನ್ನ ತಾಟಿಗೆ ಒಂದೇ ಒಂದು ಇಟ್ಟು, "ಇನ್ನೊಂದು ಹಾಕ್ಲೇನ ನೀಲಾ?" ಎಂದ. "ಸಾಕ್ರಿ" ಎಂದೆ. ಬುಟ್ಟಿಯನ್ನು ಪಕ್ಕಕ್ಕೆ ಸರಿಸಿಬಿಟ್ಟ. ಮದುವೆಯಾದ ಮೇಲೆ ಇದೇ ಮೊದಲು.

ಮುಂದಿನ ವಾರ ನನ್ನ ವಿಚಾರಣೆಗೆ ಮಂಡಳಿಯಿಂದ ಮೂವರು ಬರುತ್ತಾರೆ. ಊಟದ ವ್ಯವಸ್ಥೆ ನಮ್ಮ ಖಾನಾವಳಿಯಲ್ಲೇ. ಬೇಳೆ ಬೆಲ್ಲ ಆಗಲೇ ತರಿಸಿಯಾಗಿದೆ. ಈಗೀಗ ಸಾಕು ಎಂದವರ ಮಾತು ಕೇಳುವುದನ್ನು ಕಲಿಯುತ್ತಿರುವ ಈರಣ್ಣ, ಅವರಿಗೆ ಹೇಗೆ ಬಡಿಸಲಿ ಎಂದು ಕೇಳಿದ.

"ಅವ್ರಿಗಿ ಮಾತ್ರ, ಸಾಕಂದ್ರೂ ಬಿಡಬ್ಯಾಡ್ರಿ" ಎಂದೆ.